ನಡೆಯದ ಜಗಳ
ಆನ್‌ಲೈನ್ ತರಗತಿಯ ಗುಂಪು ಅಂದಮೇಲೆ ಅದಕ್ಕೊಬ್ಬಳು ಲೀಡರಕ್ಕ ಇದ್ದೇ ಇರುತ್ತಾಳೆ. ಈ ಐದು ಜನರ ಗುಂಪಿನ ಲೀಡರಕ್ಕ ಆಸ್ಪತ್ರೆಯ ಲ್ಯಾಬಿನವಳು, ಹಗಲೆಲ್ಲ ಊರವರ ರಕ್ತ ತೆಗೆದು, ಸಂಜೆ ಏಳಕ್ಕೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಸೌಟು ಹಿಡಿದು ನಿಂತೇ "ಎಲ್ಲರಿಗೂ ಕೇಳಿಸ್ತಿದೆಯಾ?" ಎನ್ನುವವಳು. ತೆರೆಯ ಮೇಲೆ ಉಳಿದ ನಾಲ್ವರ ಕಪ್ಪು ಚೌಕಗಳು ತೆಪ್ಪಗಿರುತ್ತವೆ. ಒಂದಕ್ಕೆ ನೆಟ್ ಇಲ್ಲ, ಒಂದರ ಮೈಕ್ ಕೆಟ್ಟಿದೆ, ಒಂದು "ನೀವು ಹೇಳಿದ್ಹಾಗೇ ಆಗ್ಲಿ ಅಕ್ಕಾ" ಎಂದು ಬರೆದು ಮಾಯವಾಗುತ್ತದೆ, ನಾಲ್ಕನೆಯದು ಬದುಕಿದೆಯೋ ಇಲ್ಲವೋ ದೇವರೇ ಬಲ್ಲ. "ಇವರ ಮನೆ ಹಾಳಾಗ!" ಎಂದು ಮೈಕ್ ಆಫ್ ಮಾಡಿಕೊಂಡು ಹಲ್ಲು ಕಡಿಯುತ್ತಾಳೆ, ಆಮೇಲೆ ಅಸೈನ್‌ಮೆಂಟಿನಲ್ಲಿ ಐವರ ಪಾಲನ್ನೂ ತಾನೇ ಬರೆದು ಐವರ ಹೆಸರನ್ನೂ ಹಾಕುತ್ತಾಳೆ, ತನ್ನದು ಕೊನೆಗೆ. ಆಚೆ ಕೋಣೆಯಿಂದ ಗಂಡ "ಅಡುಗೆ ಆಯ್ತಾ?" ಎಂದರೆ ಅವನಿಗೂ ಹಾಗೇ ಹಲ್ಲು ಕಡಿದು ಬಡಿಸುತ್ತಾಳೆ. ಈಗ ಕೋರ್ಸಿನ ಕೊನೆಗೆ ಮೇಡಂ ಕೇಳಿದ್ದಾರೆ: ತಂಡವೆಂದರೆ ಮೊದಲು ಪರಿಚಯ, ಆಮೇಲೆ ಜಗಳ, ಆಮೇಲೆ ಹೊಂದಾಣಿಕೆ, ಆಮೇಲೆ ಕೆಲಸ, ನಿಮ್ಮ ತಂಡದ ಜಗಳದ ಹಂತವನ್ನು ನೆನೆದು ಬರೆಯಿರಿ. "ಜಗಳವಂತೆ ಜಗಳ! ಜಗಳ ಆಡೋಕಾದ್ರೂ ಜನ ಬರ್ಬೇಡ್ವಾ?" ಎಂದು ಲೀಡರಕ್ಕ ಸೌಟು ಕುಕ್ಕಿದಳು. ಆದರೆ ಐವರಿಗೂ ಅಂಕ ಬೇಕಲ್ಲ; ಜಗಳವನ್ನೂ ತಾನೇ ಬರೆದಳು. ಅವಳು ಬರೆದ ಆ ಜಗಳದಲ್ಲಿ ನಾಲ್ಕನೆಯ ಚೌಕ ಮೊದಲ ಸಲ ಬೆಳಗಿ, ಒಬ್ಬ ಹುಡುಗಿ ಲೀಡರಕ್ಕನ ಮೇಲೆ ರೇಗುತ್ತಾಳೆ: "ಎಲ್ಲಾ ನೀವೇ ಮಾಡಿದ್ರೆ ನಾವ್ಯಾಕಕ್ಕಾ ಇರೋದು? ಸಾಕು, ಕೊಡಿ ಇಲ್ಲಿ. ನೀವು ಒಂದ್ಗಳಿಗೆ ಕೂತ್ಕೊಳ್ಳಿ!" ಆಚೆ ಕೋಣೆಯಿಂದ "ಅಡುಗೆ ಆಯ್ತಾ?" ಎಂಬ ಕೂಗು ಬಂದಾಗ, ಲೀಡರಕ್ಕ ನಿಂತೇ ಆ ಸಾಲನ್ನು ಮೂರನೇ ಸಲ ಓದುತ್ತಿದ್ದಳು.