ಹೇಳಿದ್ದನ್ನಷ್ಟೇ ಬರೆಯುವ ಇಸ್ತ್ರಿ ಅಕ್ಕ

ಬೆಳಗಿನ ಐದೂಕಾಲು. ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ಒಳಗೆ ಗೋಡೆಗೆ ಒತ್ತಿದ ಉದ್ದನೆಯ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಕಂಬಳಿ, ಮೂರೂ ಕಡೆ ಮಡಿಸಿಟ್ಟ ಬಟ್ಟೆಗಳ ರಾಶಿ. ರಾಶಿಗಳ ನಡುವೆ ಸ್ಟೂಲಿನ ಮೇಲೆ ಕೂತ ನಲವತ್ತೆರಡರ ಹೆಂಗಸು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ನಿಧಾನವಾಗಿ ಹೇಳುತ್ತಿದ್ದಾರೆ: “ಗ್ಯಾರುಲಸ್. ಅರ್ಥ, ವಾಚಾಳಿ. ಸುಮ್ಮಸುಮ್ಮನೆ ಮಾತಾಡೋರು. ನೆನಪಿಗೆ, ಎರಡನೇ ಮಹಡಿ ಅಜ್ಜಿ. ಒಂದು ದಿಂಬಿನ ಕವರ್ ಕೊಡೋಕೆ ಬಂದ್ರೂ ಮುಕ್ಕಾಲು ಗಂಟೆ.”

ರಸ್ತೆಯಲ್ಲಿ ಗಾಡಿಗಳ ಸದ್ದು ಶುರುವಾಗುವ ಮೊದಲು ಹನ್ನೆರಡು ಪದಗಳ ರೆಕಾರ್ಡಿಂಗ್ ಮುಗಿಯಬೇಕು. ಬಟ್ಟೆಗಳು ಮನೆಮನೆಗೆ ಹೋದ ಮೇಲೆ ಕೋಣೆ ಖಾಲಿಯಾಗಿ ದನಿ ಮೊಳಗುತ್ತದೆ, ಹಾಗಾಗಿ ಈ ಹೊತ್ತೇ ಸರಿ. ಆರು ಗಂಟೆಗೆ ಮೊಬೈಲು ಕಪಾಟಿಗೆ, ಕೈ ಇಸ್ತ್ರಿಪೆಟ್ಟಿಗೆಗೆ. ಅಲ್ಲಿಂದ ಸಂಜೆಯವರೆಗೆ ಎಂಬತ್ತರಿಂದ ತೊಂಬತ್ತು ಬಟ್ಟೆ.

ಬೀದಿಯವರೆಲ್ಲ ಇವರನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಾರೆ. ಬೀದಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕೆಲಸ ಇವರಿಗಿದೆ. ಕಣ್ಣು ಕಾಣದವರು ಪರೀಕ್ಷೆ ಬರೆಯುವಾಗ ಪಕ್ಕದಲ್ಲಿ ಕೂತು ಪ್ರಶ್ನೆ ಓದಿಹೇಳುವುದು, ಅವರು ಹೇಳಿದ ಉತ್ತರವನ್ನು ಬರೆದುಕೊಡುವುದು. ಒಂಬತ್ತು ವರ್ಷಗಳಲ್ಲಿ ಅರವತ್ತೊಂದು ಪರೀಕ್ಷೆಗಳಿಗೆ ಇವರ ಕೈ ದುಡಿದಿದೆ.

ಈ ಕೆಲಸಕ್ಕೊಂದು ನಿಯಮವಿದೆ. ಬರೆಯುವವರ ಓದು ಪರೀಕ್ಷೆ ಕಟ್ಟಿದವರ ಓದಿಗಿಂತ ಕಡಿಮೆ ಇರಬೇಕು. ಅಕ್ಕ ಹನ್ನೆರಡನೇ ತರಗತಿಯಲ್ಲಿ ಫೇಲು, ಅದೂ ಇಂಗ್ಲಿಷಿನಲ್ಲಿ. “ಎಲ್ರ ಹತ್ರಾನೂ ಪಾಸಾಗಿದ್ದಕ್ಕೆ ಸರ್ಟಿಫಿಕೇಟ್ ಕೇಳ್ತಾರೆ. ನನ್ನ ಹತ್ರ ಮಾತ್ರ ಫೇಲಾಗಿದ್ದಕ್ಕೆ ಕೇಳ್ತಾರೆ” ಎಂದು ನಗುತ್ತಾರೆ. ಆ ಅಂಕಪಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಇಟ್ಟುಕೊಂಡಿದ್ದಾರೆ.

ಇದಕ್ಕೆಲ್ಲ ಕಾರಣ ಒಂದು ಶರ್ಟು. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿರುವ ಒಬ್ಬರು, ಹುಟ್ಟಿನಿಂದಲೇ ಕಣ್ಣು ಕಾಣದವರು, ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಶರ್ಟು ಒಯ್ಯಲು ಬಂದು ತಮ್ಮ ಪೇಚಾಟ ಹೇಳಿಕೊಂಡರು. ಅದೇ ಆಸ್ಪತ್ರೆಯಲ್ಲಿ ಮಾಹಿತಿ ಅಧಿಕಾರಿ ಹುದ್ದೆಗೆ ಅವತ್ತೇ ಪರೀಕ್ಷೆ. ಬರೆದುಕೊಡಲು ಒಪ್ಪಿದ್ದವನು ಕೈಕೊಟ್ಟಿದ್ದ. ಅಕ್ಕ ಇಸ್ತ್ರಿಪೆಟ್ಟಿಗೆ ಗಂಡನಿಗೆ ಕೊಟ್ಟು ಹೊರಟರು. ಹೋದಮೇಲೆ ಗೊತ್ತಾಯಿತು, ಐವತ್ತು ಅಂಕ ಬರೀ ಇಂಗ್ಲಿಷ್ ಪದಗಳ ಅರ್ಥಕ್ಕೆ, ಅದರಲ್ಲಿ ಮೂವತ್ತು ಬರಲೇಬೇಕು. ಒಂದೊಂದು ಪದವನ್ನೂ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಗಂಟೆ ಹೊಡೆಯಿತು. ಕೊನೆಯ ಒಂಬತ್ತು ಪ್ರಶ್ನೆಗಳನ್ನು ಓದಲೇ ಆಗಲಿಲ್ಲ. ಆಪರೇಟರ್‌ಗೆ ಬಂದದ್ದು ಇಪ್ಪತ್ತೇಳು.

“ಅವ್ರು ನಂಗೆ ಒಂದು ಮಾತೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು” ಎನ್ನುತ್ತಾರೆ ಅಕ್ಕ. ಆ ವಾರವೇ ರದ್ದಿ ಅಂಗಡಿಯಿಂದ ರಟ್ಟು ಹರಿದ ನಿಘಂಟೊಂದನ್ನು ತಂದರು.

ಕಲಿಯುವ ರೀತಿ ಅವರದೇ. ಪದವನ್ನು ಗಿರಾಕಿಯ ಬಟ್ಟೆಗೆ ಅಂಟಿಸಿಬಿಡುತ್ತಾರೆ. ಮೆಟಿಕ್ಯುಲಸ್ ಎಂದರೆ ಅತಿ ಅಚ್ಚುಕಟ್ಟು. ತೋಳಿನ ಗೆರೆ ಎರಡಾದರೆ ಶರ್ಟು ವಾಪಸು ಕಳಿಸುವ ಬ್ಯಾಂಕಿನವರು. ಪಾರ್ಸಿಮೋನಿಯಸ್ ಎಂದರೆ ಜಿಪುಣ. ಪ್ಯಾಂಟಿನ ಜೇಬಿನಲ್ಲಿ ಎರಡು ಕರವಸ್ತ್ರ ತುರುಕಿ ಬಿಟ್ಟಿಯಾಗಿ ಇಸ್ತ್ರಿ ಮಾಡಿಸಿಕೊಳ್ಳುವ ವಕೀಲರು. ಟ್ಯಾಸಿಟರ್ನ್ ಎಂದರೆ ಮಿತಭಾಷಿ. ಅದು ಮೇಜಿನ ಆಚೆ ನಿಂತ ಗಂಡ. ಹೌದಾ ಎಂದು ನಾನು ಅವರನ್ನೇ ಕೇಳಿದೆ. ಅವರು ತಲೆ ಅಲ್ಲಾಡಿಸಿ ಕಾಲರ್ ಒತ್ತಿದರು. ಇಂಥ ಎರಡು ಸಾವಿರದ ಮುನ್ನೂರು ಪದಗಳು ಏಳು ನೋಟ್‌ಬುಕ್ಕುಗಳಲ್ಲಿವೆ. ದನಿಯಾಗಿ, ಪರೀಕ್ಷೆಗೆ ಓದುವ ಕಣ್ಣು ಕಾಣದ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಫೋನುಗಳಲ್ಲಿವೆ. ವಕೀಲರಿಗೆ ಮಾತ್ರ ಇನ್ನೂ ವಿಷಯ ತಿಳಿದಿಲ್ಲ, ಈ ಲೇಖನ ಅವರ ಕೈಗೆ ಸಿಗದಿರಲಿ.

ಕಲಿತದ್ದರಿಂದ ಒಳ್ಳೆಯದೇ ಆಗಬೇಕಿತ್ತು. ನಾಲ್ಕು ವರ್ಷದ ಹಿಂದೆ ಆದದ್ದು ಬೇರೆ. ಕಣ್ಣು ಕಾಣದ ಕಾಲೇಜು ಹುಡುಗಿಯೊಬ್ಬಳ ಪರೀಕ್ಷೆ. ಒಂದು ಪದದ ಅರ್ಥಕ್ಕೆ ಹುಡುಗಿ “ಎರಡು” ಅಂದಳು. ಸರಿಯುತ್ತರ ನಾಲ್ಕು ಎಂದು ಅಕ್ಕನಿಗೆ ಗೊತ್ತು. ಬಾಯಿ ಬಿಡಲಿಲ್ಲ, ಕೆಮ್ಮಿ ಸನ್ನೆ ಮಾಡಲಿಲ್ಲ. ಪೆನ್ನು ಮಾತ್ರ ಒಂದು ಕ್ಷಣ ನಿಂತಿತು. ಕಣ್ಣಿಲ್ಲದವರ ಕಿವಿ ಬಲು ಚುರುಕು. ಪೆನ್ನು ನಿಂತದ್ದು ಕೇಳಿ ಹುಡುಗಿ “ಅಲ್ಲ, ನಾಲ್ಕು” ಅಂದಳು. ಎರಡು ಪ್ರಶ್ನೆ ದಾಟಿದ ಮೇಲೆ ಮತ್ತೆ ಹಾಗೇ ಆಯಿತು. ಹಿಂದೆ ನಿಂತಿದ್ದ ಮೇಲ್ವಿಚಾರಕರು ಹೆಸರು ಬರೆದುಕೊಂಡರು. ಹುಡುಗಿಯ ಪತ್ರಿಕೆ ರದ್ದಾಯಿತು, ಒಂದು ವರ್ಷ ಮಣ್ಣುಪಾಲಾಯಿತು. ಅಕ್ಕನನ್ನು ಎರಡು ವರ್ಷ ಪರೀಕ್ಷಾ ಕೊಠಡಿಗೆ ಸೇರಿಸಲಿಲ್ಲ.

ಹುಡುಗಿಯ ತಾಯಿ ಅಂಗಡಿಗೇ ಬಂದು “ನಿಮ್ಮ ಒಳ್ಳೇತನ ನಮಗೆ ಬೇಡವಾಗಿತ್ತು” ಎಂದು ಹೇಳಿ ಹೋದರಂತೆ. ಇದನ್ನು ಹೇಳುವಾಗ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಡುತ್ತಾರೆ. “ಆ ನೋವು ಇನ್ನೂ ಹೋಗಿಲ್ಲ. ಏನೂ ಗೊತ್ತಿಲ್ದೇ ಇದ್ದಾಗ ಓದೋಕೆ ಬರ್ದೆ ಕೆಡಿಸ್ದೆ. ಗೊತ್ತಾದ್ಮೇಲೆ ಗೊತ್ತಿದ್ದಕ್ಕೇ ಕೆಡಿಸ್ದೆ.” ಅತ್ತ ದರಿ, ಇತ್ತ ಪುಲಿ ಎಂದರೆ ಇದೇ ಇರಬೇಕು.

ನಾನು ಈ ಅಂಗಡಿಗೆ ಮೊದಲು ಬಂದಾಗ ಆಪರೇಟರ್ ಅವರ ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಅವರಿಗೀಗ ಮೂವತ್ತೊಂಬತ್ತು, ನಲವತ್ತಾದರೆ ಅರ್ಜಿ ಹಾಕುವಂತಿಲ್ಲ. ಆ ಮಾಹಿತಿ ಅಧಿಕಾರಿ ಹುದ್ದೆ ನಾಲ್ಕೈದು ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಎರಡನೇ ಸಲ ಅವರಿಗೆ ಬಂದದ್ದು ಇಪ್ಪತ್ತೆಂಟು. ಇದು ಮೂರನೆಯದು, ಕೊನೆಯದು. “ಇಷ್ಟು ವರ್ಷ ಯಾರ್ಯಾರದೋ ಮಾತನ್ನ ಯಾರ್ಯಾರಿಗೋ ಜೋಡಿಸ್ದೆ. ಜನ ನನ್ನ ಹತ್ರಾನೇ ಏನಾದ್ರೂ ಕೇಳ್ಕೊಂಡು ಬರ್ಲಿ ಅಂತ ಆಸೆ” ಎನ್ನುತ್ತಾರೆ ಅವರು. ಆ ಹುಡುಗಿಯ ಸಂಗತಿ ಅವರಿಗೂ ಗೊತ್ತು. ಆದರೂ ಅಕ್ಕನೇ ಬೇಕೆಂದರು, ಒಂದು ಮಾತಿನ ಮೇಲೆ: “ನಾನು ತಪ್ಪು ಹೇಳಿದ್ರೆ ತಪ್ಪೇ ಬರೀರಿ ಅಕ್ಕ. ನಿಮ್ಮ ಪೆನ್ನು ನಿಂತ್ರೆ ನಂಗೆ ಕೇಳ್ಸತ್ತೆ. ಆಮೇಲೆ ಪಾಸಾದ್ರೂ ಅದು ನಂದಾಗಲ್ಲ.”

ಹಾಗಾಗಿ ಬೆಳಗಿನ ಹನ್ನೆರಡು ಪದಗಳ ನಂತರ ಇನ್ನೊಂದು ಪಾಠ ನಡೆಯುತ್ತದೆ. ಅದಕ್ಕೆ ಮೇಷ್ಟ್ರು ಅತ್ತೆ. ಎಪ್ಪತ್ತೊಂದು ವಯಸ್ಸು, ಇಂಗ್ಲಿಷಿನ ಗಂಧಗಾಳಿ ಇಲ್ಲ, ಈ ಕೆಲಸಕ್ಕೆ ಅದೇ ಅರ್ಹತೆ. ಸೊಸೆ ಪ್ರಶ್ನೆ ಓದುತ್ತಾರೆ. ಅತ್ತೆ ಕಣ್ಣು ಮುಚ್ಚಿ ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ಸರಿಯಿರಲಿ ತಪ್ಪಿರಲಿ, ಸೊಸೆ ಅದೇ ವೇಗದಲ್ಲಿ ಆ ಅಂಕಿಗೆ ಸುತ್ತು ಹಾಕಬೇಕು.

“ಮೂರು” ಎಂದರು ಅತ್ತೆ. ಪೆನ್ನು ಓಡಿತು. “ಒಂದು” ಎಂದರು. ಗೀಚುವ ಸದ್ದು ತುಸು ತಡವಾಯಿತು.

“ನಿಂತಿತು ಕಣೇ! ಮತ್ತೆ ಬರಿ.”

“ಇಲ್ಲ ಅತ್ತೆ, ಪೆನ್ನಲ್ಲಿ ಇಂಕು ಬರ್ಲಿಲ್ಲ.”

“ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ. ಬರಿ ಬರಿ.” ನನ್ನ ಕಡೆ ತಿರುಗಿ ಸೇರಿಸಿದರು: “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಇಷ್ಟು ತಡವಾಗಿ ಬಂತು ನೋಡಿ.”

ದಿನಕ್ಕೆ ನೂರು ಸುತ್ತು. ಮೊದಲ ವಾರ ಹದಿನೇಳು ಸಲ ನಿಂತ ಪೆನ್ನು, ಪರೀಕ್ಷೆಯ ಹಿಂದಿನ ದಿನ ಒಂದು ಸಲವೂ ನಿಲ್ಲಲಿಲ್ಲ. ಗೊತ್ತಿಲ್ಲದ್ದನ್ನು ಕಲಿಯುವುದು ಕಷ್ಟ ಎಂದು ನಾನು ತಿಳಿದಿದ್ದೆ. ಗೊತ್ತಿದ್ದನ್ನು ಬೆರಳಿಗೆ ತಿಳಿಯದಂತೆ ಇಟ್ಟುಕೊಳ್ಳುವುದು ಅದಕ್ಕಿಂತ ಕಷ್ಟ ಎನ್ನುವುದನ್ನು ಇಲ್ಲಿ ನೋಡಿದೆ.

ಪರೀಕ್ಷೆಯ ದಿನ ನಾನು ಹೊರಗೆ ಕಾದಿದ್ದೆ. ಒಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದರು. ಮೂವತ್ತೇಳನೇ ಪ್ರಶ್ನೆ, ಪಾರ್ಸಿಮೋನಿಯಸ್. ಅಂಗಡಿಯಲ್ಲಿ ಎಷ್ಟೋ ಸಲ ನಗಿಸಿದ ಪದ. ಅಕ್ಕ ನಾಲ್ಕು ಅರ್ಥಗಳನ್ನೂ ಒಂದೇ ದನಿಯಲ್ಲಿ ಓದಿದರು. ಜಿಪುಣ ಎನ್ನುವುದು ಮೂರನೆಯದು. ಆಪರೇಟರ್ ಯೋಚಿಸಿ “ಎರಡು” ಎಂದರು. ಎರಡನೆಯದು ದುಂದುಗಾರ, ತೀರಾ ತದ್ವಿರುದ್ಧ. “ವಕೀಲರ ಕರವಸ್ತ್ರ ಕಣ್ಮುಂದೆ ಬಂತು. ಆದ್ರೆ ಪೆನ್ನು ನಿಲ್ಲಲಿಲ್ಲ. ಎರಡಕ್ಕೆ ಸುತ್ತು ಹಾಕ್ದೆ, ಮೂವತ್ತೆಂಟು ಓದ್ದೆ.”

ಹೊರಗೆ ಬಂದ ಆಪರೇಟರ್ ಖುಷಿಯಲ್ಲಿದ್ದರು. ಅಕ್ಕನ ತೋಳು ಹಿಡಿದು ಮೆಟ್ಟಿಲಿಳಿಯುತ್ತ “ನಮ್ಮ ಜಿಪುಣ ವಕೀಲರೂ ಪೇಪರಲ್ಲಿ ಬಂದಿದ್ರಲ್ಲ, ಎರಡನೇ ಉತ್ತರವಾಗಿ, ಪುಣ್ಯಕ್ಕೆ ಅದೊಂದು ಸುಲಭ ಆಯ್ತು” ಎಂದರು. ಅಕ್ಕ “ಹೂಂ ಸಾರ್, ಬೇಗ ಬನ್ನಿ, ಬಸ್ ಬಂತು” ಎಂದರು. ಬಸ್ಸು ಬಂದಿರಲಿಲ್ಲ.

ಫಲಿತಾಂಶಕ್ಕೆ ನಲವತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅಂಗಡಿಯಲ್ಲಿ ಎರಡು ಕಾಲರ್ ಸುಟ್ಟವು. ಅಂಗಡಿ ಇಟ್ಟ ಹದಿನೆಂಟು ವರ್ಷಗಳಲ್ಲಿ ಹಾಗಾಗಿರಲಿಲ್ಲ. ತಪ್ಪಾದ ಉತ್ತರಗಳು ಎಷ್ಟೆಂದು ಅಕ್ಕನಿಗೆ ಹೆಚ್ಚುಕಡಿಮೆ ಗೊತ್ತಿತ್ತು, ಆದರೆ ಆಪರೇಟರ್ ಪ್ರತಿ ವಾರ ಶರ್ಟು ತಂದಾಗಲೂ ಅವರಿಗೆ ಅದನ್ನು ಹೇಳಲಿಲ್ಲ. “ಎಣಿಸಿದ್ರೆ ಇಪ್ಪತ್ತೊಂಬತ್ತೂ ಆಗತ್ತೆ, ಮೂವತ್ತೆರಡೂ ಆಗತ್ತೆ. ಆ ಪಾರ್ಸಿಮೋನಿಯಸ್‌ಗೆ ಮೂರು ಅಂತ ಬರೆದಿದ್ರೆ ಈ ಸಂಕಟ ಇರ್ತಿರ್ಲಿಲ್ಲ ಅಂತ ಒಂದೊಂದ್ಸಲ ಅನ್ಸತ್ತೆ” ಎಂದು ಒಂದು ದಿನ ನನ್ನ ಬಳಿ ಒಪ್ಪಿಕೊಂಡರು. ಗಂಡ ಅಪರೂಪಕ್ಕೆ ಬಾಯಿ ತೆರೆದರು: “ಬರೀಲಿಲ್ವಲ್ಲ, ಬಿಡು.”

ಕಳೆದ ಸೋಮವಾರ ಬೆಳಿಗ್ಗೆ ಆಪರೇಟರ್ ಬಂದಾಗ ಅಕ್ಕ ಹಾಸಿಗೆಯ ಚಾದರವೊಂದನ್ನು ಮಡಿಸುತ್ತಿದ್ದರು. ಆಪರೇಟರ್ ಕೈಯಲ್ಲಿ ಈ ಸಲ ಶರ್ಟಿರಲಿಲ್ಲ. ಬಾಗಿಲಲ್ಲೇ ನಿಂತು “ಮೂವತ್ತೊಂದು” ಎಂದರು. ಅತ್ತೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಅಕ್ಕ ಚಾದರದಲ್ಲಿ ಮುಖ ಒರೆಸಿಕೊಂಡರು, ಅದು ಗಿರಾಕಿಯದೆಂದು ಆಮೇಲೆ ನೆನಪಾಗಿ ಮತ್ತೆ ಇಸ್ತ್ರಿ ಮಾಡಬೇಕಾಯಿತು.

“ಎಲ್ಲಾ ನಿಮ್ಮಿಂದಾನೇ ಅಕ್ಕ” ಎಂದರು ಆಪರೇಟರ್.

“ಸುಮ್ನಿರಿ ಸಾರ್” ಎಂದು ಅಕ್ಕ ಗದರಿದರು. ನನ್ನ ಪೆನ್ನು ಓಡುತ್ತಿದ್ದುದನ್ನು ನೋಡಿ ಈ ಕಡೆ ತಿರುಗಿದರು. “ನೀವು ಬರೆಯೋದಾದ್ರೆ ಇಷ್ಟು ಬರೀರಿ. ಅವ್ರಿಗೆ ಮೂವತ್ತೊಂದು ಮಾರ್ಕ್ಸ್ ಬಂತು. ಅದ್ರಲ್ಲಿ ಒಂದೂ ನಂದಲ್ಲ.”