ನಾಲ್ಕನೇ ಸ್ಥಾನಕ್ಕೆ ಫ್ಲೆಕ್ಸ್ ಇಲ್ಲವಂತೆ

ಸ್ನೇಹಿತರೇ, ಇವತ್ತು ಸಂಜೆ ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಎದುರುಮನೆ ಭಾಗ್ಯಮ್ಮನವರ ಮಗಳು ಕಾವ್ಯ ಒಲಿಂಪಿಕ್ಸ್ ಬಿಲ್ಲುಗಾರಿಕೆಯಲ್ಲಿ ನಾಲ್ಕನೆಯವಳಾದಳು. ಒಂದೇ ಪಾಯಿಂಟಿನಲ್ಲಿ ಕಂಚು ತಪ್ಪಿತು. ನಾವೆಲ್ಲ ಅವರ ಮನೆಯ ಟಿವಿ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಹೊರಗೆ ಸದ್ದಾಯಿತು. ಹೋಗಿ ನೋಡಿದರೆ ಬಡಾವಣೆ ಸಂಘದವರು ಏಣಿ ಹಾಕಿ, 'ದೇಶದ ಹೆಮ್ಮೆಯ ಮಗಳು' ಎಂದು ತಾವೇ ಕಟ್ಟಿದ್ದ ಫ್ಲೆಕ್ಸನ್ನು ಬಿಚ್ಚುತ್ತಿದ್ದಾರೆ!

"ಇದೇನ್ರೀ, ಈಗ್ಲೇ?" ಎಂದೆ.

"ಮೆಡಲ್ ಬರ್ಲಿಲ್ವಲ್ಲ ಸಾರ್. ಊರ ಮಾನ ಕಳ್ದ್‌ಬುಟ್ಲು," ಎಂದ ಸಂಘದ ಕಾರ್ಯದರ್ಶಿ.

ಗೇಟಿನ ಬಳಿ ಬಂದಿದ್ದ ಭಾಗ್ಯಮ್ಮನವರಿಗೆ ಅದು ಕೇಳಿಸಿತು. ಅವರು ಜಗಳವಾಡಲಿಲ್ಲ. "ಹರೀಬೇಡ ಕಣಪ್ಪ. ಮಗಳ ಫೋಟೊ ನಮ್ಗೇ ಕೊಟ್ಬುಡು," ಎಂದರು.

ಆತ ಬ್ಲೇಡು ತೆಗೆದು ಕಾವ್ಯಳ ಚಿತ್ರವನ್ನಷ್ಟೇ ಕತ್ತರಿಸಿ ಅವರ ಕೈಗಿಟ್ಟ. ಸುತ್ತಲೂ ಕೈಮುಗಿದು ನಿಂತ ಮುಖಂಡರ ಫೋಟೊಗಳಿದ್ದ ಉಳಿದ ಭಾಗವನ್ನು ಜೋಪಾನವಾಗಿ ಸುತ್ತಿಕೊಂಡ.

"ಅದ್ಯಾಕೆ?"

"ಭಾನುವಾರ ನಮ್ಮ ಅಧ್ಯಕ್ಷರ ಬರ್ತ್‌ಡೇ ಸಾರ್. ತೂತಿರೋ ಕಡೆ ಅವರ ಫೋಟೊ ಅಂಟಿಸ್ಬುಟ್ರೆ ಆಯ್ತು."

ಭಾಗ್ಯಮ್ಮ ಆ ತುಂಡನ್ನು ಮಡಚದೆ, ಎದೆಗವಚಿಕೊಂಡು ಒಳಗೆ ಹೋದರು.

ನಮ್ಮ ಬೀದಿಯಲ್ಲಿ ಹೆಮ್ಮೆ ಯಾವಾಗ ಬೇಕಾದರೂ ಬದಲಾಗುತ್ತದೆ. ಹೆಮ್ಮೆಪಡುವವರು ಮಾತ್ರ ಅಲ್ಲೇ ಕೈಮುಗಿದು ನಿಂತಿರುತ್ತಾರೆ.