ಎರಡು ಅಂಗೈಯಗಲದ ಕಡಲತೀರ

ಮನೆಮಂದಿಯ ಬಾಯಲ್ಲಿ ಅವಳು ಯಾಕಮ್ಮ. ಮಾತು ಕಲಿತ ದಿನದಿಂದ ಕಂಡದ್ದಕ್ಕೆಲ್ಲ ‘ಯಾಕೆ?’ ಅನ್ನುತ್ತಿದ್ದಳೆಂದು ಅಣ್ಣ ಅಂಟಿಸಿದ ಅಡ್ಡಹೆಸರು, ಐವತ್ತಾರು ತುಂಬಿದರೂ ಕಳಚಿರಲಿಲ್ಲ. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ದಂತವೈದ್ಯರು ರೋಗಿಗಳ ಬಾಯಿಂದ ತೆಗೆದು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಆ ಒಸಡಿಗೆ ಹೊಂದುವ ಹಲ್ಲು ಕೂರಿಸುತ್ತಿದ್ದಳು. ಮುಖವನ್ನೇ ಕಾಣದೆ, “ಇವ್ರು ಎಡಗಡೆ ಮಾತ್ರ ಅಗೀತಾರೆ, ಪೆನ್ನು ಕಚ್ಚೋ ಚಟಾನೂ ಇದೆ” ಅನ್ನುವಳು. ವೈದ್ಯರು ವಿಚಾರಿಸಿದರೆ ಅದು ನಿಜವೇ ಆಗಿರುತ್ತಿತ್ತು.

ಗಂಡ ಅಂಚೆಯವನಾಗಿದ್ದು ನಿವೃತ್ತನಾದವನು. ಅವನು ಅಂಚೆ ಹಂಚುತ್ತಿದ್ದ ಕಟ್ಟಡವೊಂದರ ಮೂರನೆಯ ಮಹಡಿಯ ಟೀಚರಿಗೆ ಪ್ರತಿ ಬೇಸಿಗೆಯಲ್ಲೂ ಗ್ರೀಸಿನ ಒಂದು ದ್ವೀಪದಿಂದ ಚಿತ್ರದ ಕಾರ್ಡು ಬರುತ್ತಿತ್ತು. ಬರಹ ಓದುವುದು ತಪ್ಪು, ಚಿತ್ರ ನೋಡುವುದು ತಪ್ಪಲ್ಲ ಎಂಬುದು ಅವನ ನ್ಯಾಯ. ಒಂದು ಬೆಳಿಗ್ಗೆ ಶೂ ಲೇಸು ಕಟ್ಟುತ್ತ, “ಅಲ್ವೇ, ಆ ಸಮುದ್ರ ನಿಜವಾಗ್ಲೂ ಅಷ್ಟು ನೀಲಿ ಇರುತ್ತಾ?” ಅಂದ.

ಯಾಕಮ್ಮನಿಗೆ ಅಷ್ಟು ಸಾಕಿತ್ತು. ವಾರದೊಳಗೆ ಅದೇ ದ್ವೀಪದಲ್ಲಿ, ಕಡಲಿಗೆ ಮುಖಮಾಡಿದ ಆರು ಕೋಣೆಗಳ ತಂಗುಮನೆಯೊಂದನ್ನು ಹುಡುಕಿದಳು. ನಡೆಸುವವಳು ಒಬ್ಬ ವಿಧವೆ. ಇವಳು ತನ್ನ ಭಾಷೆಯಲ್ಲಿ ಬರೆದರೆ ಮೊಬೈಲು ಅದನ್ನು ಅವಳ ಭಾಷೆಗೆ ತಿರುಗಿಸುತ್ತಿತ್ತು. ಅವಳದು ಇತ್ತ ಬರುವಾಗಲೂ ಹಾಗೆಯೇ. ಬೆಳಿಗ್ಗೆ ಗಾಳಿ ಯಾವ ಕಡೆಯಿಂದ ಬೀಸುತ್ತೆ? ಮಂಚದಿಂದ ನೀರಿಗೆ ಎಷ್ಟು ಹೆಜ್ಜೆ? ವಿಧವೆ ನಡೆದು ನೋಡಿ ಬರೆದಳು: “ನೂರ ನಲವತ್ತು. ನನ್ನ ಕಾಲು ಗಿಡ್ಡ.”

ಅಡ್ಡಿ ಬಂದದ್ದು ಗಂಡನಿಂದ. ಮೂವತ್ತೆಂಟು ವರ್ಷ ಮೆಟ್ಟಿಲು ಹತ್ತಿಳಿದ ಅವನ ಹಿಮ್ಮಡಿ ಸವೆದು ನೋಯುತ್ತಿತ್ತು. “ಮರಳಾದ್ರೆ ಬರ್ತೀನಿ. ಕಲ್ಲಾದ್ರೆ ನೀನೊಬ್ಳೇ ಹೋಗು.”

ಫೋಟೊದಲ್ಲಿ ದಡ ಬೆಳ್ಳಗಿತ್ತು, ಅಷ್ಟೆ. ಕೇಳಿದ್ದಕ್ಕೆ ವಿಧವೆ, “ಕಲ್ಲೇ. ಬಟಾಣಿಗಿಂತ ದೊಡ್ಡದು, ಮೊಟ್ಟೆಗಿಂತ ಚಿಕ್ಕದು, ನುಣುಪು” ಎಂದಳು. ಬಟಾಣಿಗೂ ಮೊಟ್ಟೆಗೂ ನಡುವೆ ಎಷ್ಟೊಂದು ಗಾತ್ರ! ಒಂದು ಹಿಡಿ ಕಳಿಸಿ ಎಂದರೆ, ದಡದ ಕಲ್ಲು ಒಯ್ಯುವ ಹಾಗಿಲ್ಲ ಎಂಬ ಉತ್ತರ.

ಮೂರು ದಿನ ಯಾಕಮ್ಮನಿಗೆ ಅದೇ ಗುಂಗು. ನಾಲ್ಕನೆಯ ದಿನ, ಯಾರದೋ ಕೆಳದವಡೆಯ ಅಚ್ಚನ್ನು ಬಿಡಿಸುತ್ತಿದ್ದವಳು ಕೈ ತಡೆದು ನಿಂತಳು. ಕಲ್ಲು ಯಾಕೆ ಬೇಕು? ಕಲ್ಲಿನ ಅಚ್ಚು ಸಾಲದೆ? ಅಚ್ಚು ತೆಗೆಯುವ ಹಿಟ್ಟಿನಂಥ ಎರಡು ಬಣ್ಣದ ಮುದ್ದೆಗಳನ್ನು ಡಬ್ಬಿಗೆ ತುಂಬಿ ಅಂಚೆಗೆ ಹಾಕಿದಳು. ಜೊತೆಗೊಂದು ಚೀಟಿ: ನೀಲಿ, ಬಿಳಿ ಎರಡನ್ನೂ ಕಲಸಿ, ದಡದ ಮೇಲೆ ಒತ್ತಿ, ಐದು ನಿಮಿಷ ಬಿಟ್ಟು ಬಿಡಿಸಿ ಕಳಿಸಿ.

“ಆ ಹೆಂಗಸು ನಿನ್ನನ್ನ ಏನಂದ್ಕೋತಾಳೋ!” ಎಂದು ಗಂಡ ತಲೆ ಚಚ್ಚಿಕೊಂಡ. ಆದರೂ ಹದಿನೆಂಟನೆಯ ದಿನ ಡಬ್ಬಿ ವಾಪಸು ಬಂದಾಗ ಬಾಗಿಲಿಗೆ ಓಡಿದವನು ಅವನೇ.

ಯಾಕಮ್ಮ ಅಚ್ಚನ್ನು ತಟ್ಟೆಯಲ್ಲಿಟ್ಟು ಗಟ್ಟಿ ಪ್ಲಾಸ್ಟರನ್ನು ದಪ್ಪಗೆ ಹುಯ್ದಳು. ಆರುವವರೆಗೂ ಇಬ್ಬರೂ ಎದುರುಬದುರು ಕೂತು ಕಾದರು. ಅಚ್ಚು ಬಿಡಿಸಿದಾಗ ಎರಡು ಅಂಗೈಯಗಲದ ಕಡಲತೀರ ಮೇಜಿನ ಮೇಲಿತ್ತು. ಗೋಲಿ, ಹುಣಸೆಬೀಜ, ಗುಂಡಿಗಳಂಥ ಕಲ್ಲುಗಳು ಒಂದಕ್ಕೊಂದು ಒರಗಿ ಮಲಗಿದ್ದವು.

“ಕಾಲಿಡಿ.”

ಗಂಡ ಕಾಲುಚೀಲ ಕಳಚಿ, ಅವಳ ಭುಜ ಹಿಡಿದು, ನೆಲಕ್ಕಿಟ್ಟ ಪ್ಲಾಸ್ಟರ್ ತೀರದ ಮೇಲೆ ಬಲಗಾಲೂರಿದ. ಹುಬ್ಬು ಗಂಟಿಕ್ಕಿತು. ಭಾರ ಬಿಟ್ಟ. ಇನ್ನಷ್ಟು ಬಿಟ್ಟ.

“ನೋಯುತ್ತಾ?”

“ಇಲ್ಲ ಕಣೇ. ಒತ್ತಿದ ಹಾಗಿದೆ.” ಮರುಗಳಿಗೆ ಅವನಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಕಚಗುಳಿ!”

ಅಂದೇ ಕೋಣೆ ಗೊತ್ತುಮಾಡಿ, ಜೂನ್ ತಿಂಗಳ ಹನ್ನೊಂದು ದಿನಗಳಿಗೆ ಟಿಕೆಟ್ ತೆಗೆದರು. ಅಚ್ಚಿನ ಕಸುಬು ಹೇಗೆ ಗೊತ್ತು ಎಂದು ವಿಧವೆ ಕೇಳಿದ್ದಕ್ಕೆ ಯಾಕಮ್ಮ ತನ್ನ ಕೆಲಸದ ಬಗ್ಗೆ ಬರೆದಳು. ಸ್ವಲ್ಪ ಹೊತ್ತು ಬಿಟ್ಟು ಮೊಬೈಲು ಗುನುಗಿತು: “ನನ್ನ ಮೇಲಿನ ಹಲ್ಲಿನ ಸೆಟ್ಟು ನಕ್ಕರೆ ಕಳಚುತ್ತದೆ. ಆರು ವರ್ಷದಿಂದ ಬಾಯಿ ಮುಚ್ಚಿಯೇ ನಗುತ್ತಿದ್ದೇನೆ.”

ಯಾಕಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಪ್ರಯಾಣಕ್ಕೆ ತುಂಬಿಟ್ಟಿದ್ದ ಪೆಟ್ಟಿಗೆಯಿಂದ ಗಂಡನ ಎರಡು ಅಂಗಿ ಹೊರಗೆ ಹಾಕಿ, ಆ ಜಾಗದಲ್ಲಿ ಹಲ್ಲು ತೀಡುವ ಅರಗಳನ್ನೂ ಮೇಣವನ್ನೂ ಜೋಡಿಸತೊಡಗಿದಳು.

“ನಾವು ರಜಕ್ಕೆ ಹೋಗ್ತಿದೀವೋ ಕೆಲಸಕ್ಕೋ?” ಎಂದ ಗಂಡ.

“ಅವ್ಳು ಬಾಯ್ತುಂಬ ನಕ್ಕರೆ ಹೇಗಿರುತ್ತೆ ಅಂತ ನೋಡ್ಬೇಡ್ವೇನ್ರೀ?” ಎಂದಳು ಯಾಕಮ್ಮ.